ಗಾಳಿ ಬಂದಾಗ ತೂರಿಕೊಳ್ಳುವವರು: ಆಗಮನ ಕಾಲದ ಪಶ್ಚಾತ್ತಾಪ

ಕ್ರಿಸ್ತಜಯಂತಿಗೆ, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ಎಷ್ಟು ದಿನ ಎಂದು ಕೇಳಿದರೆ ನಾಲ್ಕು ವಾರ ಎನ್ನುತ್ತೇವೆ. ಭಾನುವಾರಗಳೇನೋ ನಾಲ್ಕು ಇರುತ್ತವೆ, ಆದರೆ ನಾಲ್ಕು ತುಂಬು ವಾರಗಳು ಪ್ರತಿವರ್ಷ ಸಿಗುವುದಿಲ್ಲ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಅದಕ್ಕೆ ಹತ್ತಿರದ ಭಾನುವಾರ ಈ ಕಾಲ ಶುರುವಾಗುತ್ತದೆ. ಅದು ನವೆಂಬರ್ 27ಕ್ಕೆ ಬಿದ್ದರೆ ನಮಗೆ 28 ದಿನ ಸಿಗುತ್ತವೆ, ಡಿಸೆಂಬರ್ 3ಕ್ಕೆ ಬಿದ್ದರೆ 22 ದಿನ ಮಾತ್ರ. ಆಗ ನಾಲ್ಕನೆಯ ಭಾನುವಾರ ಬೆಳಿಗ್ಗೆ ಆಗಮನ ಕಾಲದ ಪೂಜೆ, ಅದೇ ರಾತ್ರಿ ಕ್ರಿಸ್ತಜಯಂತಿಯ ಪೂಜೆ. ಇಷ್ಟು ಸಣ್ಣ ಅವಧಿಯೊಳಗೆ ಗೋದಲಿ ಕಟ್ಟಬೇಕು, ನಕ್ಷತ್ರ ತೂಗುಹಾಕಬೇಕು, ಬಟ್ಟೆ ತರಬೇಕು, ನಮ್ಮ ಕಡೆ ಕಜ್ಜಾಯ ಆಗಬೇಕು, ಮಂಗಳೂರು ಕಡೆ ಹಬ್ಬದ ತಿಂಡಿಗಳ ಕುಸ್ವಾರ್ ಆಗಬೇಕು. ಇದ್ಯಾವುದೂ ತಪ್ಪಲ್ಲ. ಬರುವವನ ಮೇಲೆ ಪ್ರೀತಿ ಇರುವ ಮನೆಯಲ್ಲಿ ಗಡಿಬಿಡಿ ಇದ್ದೇ ಇರುತ್ತದೆ. ಆದರೆ ಈ ಗಡಿಬಿಡಿಯ ನಟ್ಟನಡುವೆ, ಎರಡನೆಯ ಭಾನುವಾರ, ಒಬ್ಬ ಮನುಷ್ಯ ಪ್ರತಿವರ್ಷ ತಪ್ಪದೆ ಬಂದು ನಿಲ್ಲುತ್ತಾನೆ. ಅವನ ಮಾತು ಕೇಳಿಸಿಕೊಂಡೆವೇ ಎಂಬುದು ನನ್ನ ಪ್ರಶ್ನೆ.

ಆತ ಯೇಸುಸ್ವಾಮಿಗೆ ಮುಂಚೆ ಬಂದು ದಾರಿ ಸಿದ್ಧಮಾಡಿದ ಪ್ರವಾದಿ, ಸ್ನಾನಿಕ ಯೊವಾನ್ನ. ನಮ್ಮ ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು. ಮೊದಲ ವರ್ಷ ಮತ್ತಾಯ ಬರೆದ ಶುಭಸಂದೇಶ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಬರೆದವರು ಬದಲಾದರೂ ಆಗಮನ ಕಾಲದ ಎರಡನೆಯ ಭಾನುವಾರ ಶುಭಸಂದೇಶದಲ್ಲಿ ಬರುವ ಮನುಷ್ಯ ಬದಲಾಗುವುದಿಲ್ಲ. ಅವನು ಹೇಳುವುದೂ ಒಂದೇ: ಮನಸ್ಸು ತಿರುಗಿಸಿಕೊಳ್ಳಿ, ದಾರಿ ಸರಿಮಾಡಿ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು, ಏಕೆಂದರೆ ನಿಮ್ಮಲ್ಲಿ ಕೆಲವರಿಗಾದರೂ ಈ ಸಂಶಯ ಬಂದಿರುತ್ತದೆ. ಪಶ್ಚಾತ್ತಾಪ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮಾತಲ್ಲವೇ? ಆಗಮನ ಕಾಲ ಸಂತೋಷದ ಕಾಲವಲ್ಲವೇ? ನಿಯಮದ ಪುಸ್ತಕ ನಿಮ್ಮ ಪರವಾಗಿಯೇ ಇದೆ. 1983ರ ಧರ್ಮಸಭೆಯ ಕಾನೂನಿನ 1250ನೇ ವಿಧಿ ಪ್ರಾಯಶ್ಚಿತ್ತದ ದಿನಗಳೆಂದು ಹೆಸರಿಸುವುದು ವರ್ಷದ ಎಲ್ಲ ಶುಕ್ರವಾರಗಳನ್ನು ಮತ್ತು ತಪಸ್ಸು ಕಾಲವನ್ನು. ಅದರಲ್ಲಿ ಆಗಮನ ಕಾಲ ಇಲ್ಲ. ಪೂಜೆಯನ್ನೇ ಗಮನಿಸಿ. ಗುರುಗಳು ನೇರಳೆ ಬಣ್ಣದ ವಸ್ತ್ರ ಧರಿಸುತ್ತಾರೆ, ಭಾನುವಾರದ ಮಹಿಮೆಯ ಗೀತೆ ನಿಲ್ಲುತ್ತದೆ, ಆದರೆ ತಪಸ್ಸು ಕಾಲದಲ್ಲಿ ನಿಲ್ಲುವ ಅಲ್ಲೆಲೂಯಾ ಇಲ್ಲಿ ನಿಲ್ಲುವುದಿಲ್ಲ. ಪೀಠದ ಮೇಲೆ ಹೂವು ಇರಬಹುದು, ಮಿತವಾಗಿ. ಅಂದರೆ ಸಂಯಮವೂ ಉಂಟು, ಸಂತೋಷವೂ ಉಂಟು.

ಹಳೆಯ ಕಾಲ ಇನ್ನೂ ಬಿಗಿಯಾಗಿತ್ತು. ಐದನೆಯ ಶತಮಾನದಲ್ಲಿ, ಈಗಿನ ಫ್ರಾನ್ಸಿನ ತೂರ್ ನಗರದ ಬಿಷಪ್ ಪೆರ್ಪೆತುವುಸ್ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸವೆಂದು ಕಟ್ಟು ಮಾಡಿದ್ದರು. ಬೈಜಾಂಟೈನ್ ಸಂಪ್ರದಾಯದ ಸಭೆಗಳಲ್ಲಿ ನವೆಂಬರ್ 15ರಿಂದ 40 ದಿನದ ಉಪವಾಸ ಇಂದಿಗೂ ಇದೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಳ್ತಂಗಡಿ ಕಡೆಯ, ಕೇರಳ ಮೂಲದ ಸಿರೋ-ಮಲಬಾರ್ ಸಭೆಯ ಮನೆಗಳಲ್ಲಿ ಡಿಸೆಂಬರ್ 1ರಿಂದ 25 ದಿನದ ನೋಯಂಬು ಹಿಡಿಯುವವರಿದ್ದಾರೆ, ಅಷ್ಟೂ ದಿನ ಮಾಂಸ ಮೀನು ಮುಟ್ಟುವುದಿಲ್ಲ. ಅವರು ಈ ಕಾಲವನ್ನು ಕರೆಯುವ ಹೆಸರು ಎಷ್ಟು ಚೆಂದ ನೋಡಿ: ಮಂಗಳವಾರ್ತೆಯ ಕಾಲ. ಉಪವಾಸಕ್ಕೂ ಮಂಗಳವಾರ್ತೆಗೂ ಅವರಿಗೆ ಜಗಳವೇ ಕಂಡಿಲ್ಲ. ಆಗಮನ ಕಾಲದ ಪಶ್ಚಾತ್ತಾಪದ ಗುಣ ಅದು. ಯಾರೋ ಬರುತ್ತಿದ್ದಾರೆಂದು ಗೊತ್ತಾದಾಗ ಅಂಗಳ ಗುಡಿಸುತ್ತೇವಲ್ಲ, ಆ ಜಾತಿಯದು.

ಇನ್ನು ಪದದ ವಿಷಯ. ಪಶ್ಚಾತ್ತಾಪ ಎಂದರೆ ಆಮೇಲಿನ ತಾಪ, ಮಾಡಿದ ಮೇಲೆ ಒಳಗೆ ಸುಡುವುದು. ಒಳ್ಳೆಯ ಪದ, ಆದರೆ ಅರ್ಧದಾರಿಯ ಪದ. ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದಾಸನಿಗೂ ಒಳಗೆ ಸುಟ್ಟಿತ್ತು. 30 ಬೆಳ್ಳಿ ನಾಣ್ಯ ವಾಪಸು ಕೊಟ್ಟ, ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ, ಆದರೆ ತಿರುಗಿ ಯೇಸುಸ್ವಾಮಿಯ ಕಡೆಗೆ ಬರಲಿಲ್ಲ. ಹೀಬ್ರೂ ಭಾಷೆಯ ಪ್ರವಾದಿಗಳು ಬಳಸುವ ಪದ ಶೂವ್. ಹೋಗುತ್ತಿದ್ದವನು ನಿಂತು, ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಬರುವುದು ಎಂದು ಅದರ ಅರ್ಥ. ಗ್ರೀಕಿನ ಮೆತನೋಯ ಎಂದರೆ ಮನಸ್ಸು ಬದಲಾಗುವುದು, ನಮ್ಮ ಹಳೆಯ ಬೈಬಲ್ ಓದುಗರು ಮಾನಸಾಂತರ ಎನ್ನುತ್ತಾರಲ್ಲ ಅದು. ಶೂವ್‌ನಲ್ಲಿ ಕಾಲಿಗೆ ಕೆಲಸ, ಮೆತನೋಯದಲ್ಲಿ ಬುದ್ಧಿಗೆ ಕೆಲಸ. ಅಳು ಬಂದರೆ ಬರಲಿ, ಬರದಿದ್ದರೆ ಚಿಂತೆಯಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ, ನನಗೆ ನಿಜವಾದ ಪಶ್ಚಾತ್ತಾಪವಿಲ್ಲ ಎಂದು ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೂರನೆಯ ವರ್ಷದ ಸುತ್ತಿನಲ್ಲಿ, ಮೂರನೆಯ ಭಾನುವಾರ, ಲೂಕನ ಮೂರನೆಯ ಅಧ್ಯಾಯದ ಭಾಗ ಓದುತ್ತೇವೆ. ಇಡೀ ಆಗಮನ ಕಾಲದಲ್ಲಿ ಕೈಗೆ ಸಿಗುವಂಥ ವಾಚನ ಎಂದರೆ ನನ್ನ ಲೆಕ್ಕದಲ್ಲಿ ಇದು. ಜೋರ್ಡನ್ ದಡದಲ್ಲಿ ಮೂರು ಗುಂಪುಗಳು ಯೊವಾನ್ನನನ್ನು ಕೇಳುತ್ತವೆ, ಮೂರೂ ಸಲ ಅದೇ ಪ್ರಶ್ನೆ: ನಾವೇನು ಮಾಡಬೇಕು? ಜನರಿಗೆ ಆತ ಹೇಳುತ್ತಾನೆ, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೆಯೇ ಮಾಡಲಿ. ಆಮೇಲೆ ಸುಂಕದವರು ಬರುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿದೆ, ಆ ಊರಿನ ಸುಂಕದವರೂ ಅದೇ ಕುಲ. ವಸೂಲಿಯ ಗುತ್ತಿಗೆ ಹಿಡಿಯುವುದು, ಕೊಟ್ಟದ್ದಕ್ಕಿಂತ ಹೆಚ್ಚು ಜನರಿಂದ ಕೀಳುವುದು. ಅವರಿಗೆ ಯೊವಾನ್ನ ಕೆಲಸ ಬಿಡಿ ಎನ್ನಲಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದ. ಸೈನಿಕರಿಗೆ ಹೇಳಿದ್ದು: ಹೆದರಿಸಿ ಸುಲಿಯಬೇಡಿ, ಸುಳ್ಳು ಅಪವಾದ ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ.

ಗಮನಿಸಿದಿರಾ? ಮಿಡತೆ ಜೇನು ತಿಂದು, ಒಂಟೆ ಕೂದಲಿನ ಬಟ್ಟೆ ತೊಟ್ಟು ಮರಳುಗಾಡಿನಲ್ಲಿದ್ದವನು ಯಾರಿಗೂ ಮರಳುಗಾಡಿಗೆ ಬನ್ನಿ ಎನ್ನಲಿಲ್ಲ. ಅವರವರ ಕೈಯಲ್ಲಿ ಏನಿದೆಯೋ ಅದರ ಬಗ್ಗೆಯೇ ಮಾತಾಡಿದ. ಬೀರು, ರಸೀದಿ ಪುಸ್ತಕ, ಲಾಠಿ. ನಿಮ್ಮ ಆತ್ಮಶೋಧನೆ ಅಲ್ಲಿಂದಲೇ ಶುರುವಾಗಲಿ.

ಹೇಗೆ ಎಂದು ಕೇಳಿದರೆ ಹೇಳುತ್ತೇನೆ. ಮೊದಲನೆಯದಾಗಿ ಕಾಲ. ಡಿಸೆಂಬರ್ 23, 24ರಂದು ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಯ ಸಾಲು ಚರ್ಚಿನ ಬಾಗಿಲವರೆಗೂ ಬೆಳೆದಿರುತ್ತದೆ. ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಸಿಕ್ಕರೆ ಹೆಚ್ಚು. ಕ್ಷಮೆ ಅಷ್ಟು ಹೊತ್ತಿನಲ್ಲೂ ಪೂರ್ತಿ ಸಿಗುತ್ತದೆ, ಆ ಬಗ್ಗೆ ಸಂಶಯ ಬೇಡ, ಆದರೆ ನಾಲ್ಕು ಮಾತು ಕೇಳಿ ತಿದ್ದಿಕೊಳ್ಳಲು ಬಿಡುವು ಸಿಗುವುದಿಲ್ಲ. ಹೋದಮೇಲೆ ಮಾಡಬೇಕಾದ ಕೆಲಸಗಳಿಗಂತೂ ದಿನವೇ ಉಳಿದಿರುವುದಿಲ್ಲ. ಎರಡನೆಯ ವಾರದೊಳಗೇ ಹೋಗಿಬನ್ನಿ.

ಹೋಗುವ ಹಿಂದಿನ ದಿನ 20 ನಿಮಿಷ ಒಂದು ಕಡೆ ಕೂತುಕೊಳ್ಳಿ. ಮೊದಲು ಪ್ರಾರ್ಥನೆ, ಆಮೇಲೆ ಹುಡುಕಾಟ. ಈ ಕ್ರಮ ತಿರುಗುಮುರುಗಾದರೆ ಆತ್ಮಶೋಧನೆ ನಮ್ಮನ್ನು ನಾವೇ ಬಡಿದುಕೊಳ್ಳುವ ಕೆಲಸವಾಗುತ್ತದೆ. ಹತ್ತು ಆಜ್ಞೆಗಳನ್ನು ಮುಂದಿಟ್ಟುಕೊಂಡು ನೋಡುವುದು ಒಂದು ರೀತಿ. ಯೊವಾನ್ನನ ರೀತಿ ಇನ್ನೊಂದು: ನನ್ನ ಕೈಯಲ್ಲಿ ಹಾದುಹೋಗುವ ದುಡ್ಡು, ನನ್ನ ಕೈಕೆಳಗಿನ ಜನ, ನನ್ನ ಬಾಯಿಂದ ಹೊರಟ ಮಾತು, ನನಗೆ ಬೇಡವಾಗಿ ಬೀರುವಿನಲ್ಲಿ ಉಳಿದಿರುವುದು. ಮನೆಗೆಲಸದವರ ಸಂಬಳ ಎಷ್ಟನೇ ತಾರೀಕಿಗೆ ಕೊಡುತ್ತೇನೆ? ರಜೆ ಹಾಕಿದ ದಿನದ ಸಂಬಳ ಹಿಡಿದುಕೊಳ್ಳುತ್ತೇನೆಯೇ? ಅಣ್ಣತಮ್ಮಂದಿರ ಪಾಲಿನಲ್ಲಿ ಒತ್ತಿದ ಬದು ಎಷ್ಟು ಅಡಿ? ಪ್ರಶ್ನೆ ಹೀಗೆ ಅಳತೆಗೆ ಸಿಗುವಂತಿರಲಿ.

ಪಾಪನಿವೇದನೆಯಲ್ಲಿ ಹದಗೆಡುವುದು ಹೆಚ್ಚಾಗಿ ಕೆಲವೇ ಜಾಗಗಳಲ್ಲಿ. ಒಂದು, ಮಾತು ತೇಲಿಸುವುದು. ಪ್ರೀತಿಯಲ್ಲಿ ಕೊರತೆಯಾಗಿದೆ, ದೈವಭಕ್ತಿ ಕಡಿಮೆಯಾಗಿದೆ ಎನ್ನುವುದು. ಗಂಭೀರ ಪಾಪಗಳಾದರೆ ಯಾವ ಬಗೆಯದು, ಎಷ್ಟು ಸಲ ಎಂಬುದನ್ನು ಹೇಳಬೇಕೆಂದು ಧರ್ಮಸಭೆಯ ಕಾನೂನಿನ 988ನೇ ವಿಧಿ ಕೇಳುತ್ತದೆ. ಸರಿಯಾದ ಎಣಿಕೆ ನೆನಪಿಲ್ಲದಿದ್ದರೆ ಅಂದಾಜು ಸಾಕು. ವೈದ್ಯರ ಮುಂದೆ ಎಲ್ಲೋ ನೋವು ಎಂದರೆ ಅವರಾದರೂ ಏನು ಮಾಡಿಯಾರು? ಎರಡು, ಬೇರೆಯವರ ಪಾಪ ಹೇಳುವುದು. ಅತ್ತೆ ಹೀಗಂದರು ಅದಕ್ಕೇ ನಾನು ಹಾಗಂದೆ ಎಂದು ಶುರುವಾದರೆ ಹತ್ತು ನಿಮಿಷ ಅತ್ತೆಯ ಪಾಪನಿವೇದನೆಯೇ ನಡೆದಿರುತ್ತದೆ. ಮೂರು, ಮುಚ್ಚಿಡುವುದು. ಮರೆತುಹೋದ ಪಾಪ ಕ್ಷಮಿಸಲ್ಪಟ್ಟಿದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಮುಚ್ಚಿಟ್ಟ ಗಂಭೀರ ಪಾಪ ಹಾಗಲ್ಲ, ಅದು ಇಡೀ ನಿವೇದನೆಯನ್ನೇ ಕೆಡಿಸುತ್ತದೆ. ನಾಚಿಕೆಯಾಗುತ್ತಿದ್ದರೆ ಮೊದಲ ಮಾತಾಗಿ ಅದನ್ನೇ ಹೇಳಿ: ಫಾದರ್, ಹೇಳಲು ಕಷ್ಟವಾಗುವುದೊಂದಿದೆ, ಸಹಾಯ ಮಾಡಿ. ಮುಂದಿನದು ಅವರ ಕೆಲಸ. ಕೇಳಿದ್ದನ್ನು ಅವರು ಯಾರ ಮುಂದೆಯೂ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಹೊರಗೆಡಹಿದ ಗುರು ಆ ಕ್ಷಣಕ್ಕೇ ಸಭೆಯಿಂದ ಬಹಿಷ್ಕೃತ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಆಗಮನ ಕಾಲದಲ್ಲಿ ಧರ್ಮಕೇಂದ್ರಗಳಲ್ಲಿ ಸಾಮೂಹಿಕ ಪಶ್ಚಾತ್ತಾಪ ವಿಧಿ ನಡೆಯುತ್ತದಲ್ಲ, ವಾಚನ, ಪ್ರಸಂಗ, ಒಟ್ಟಾಗಿ ಪ್ರಾರ್ಥನೆ, ಆಮೇಲೆ ಒಬ್ಬೊಬ್ಬರಾಗಿ ಗುರುಗಳ ಬಳಿ ಹೋಗುವುದು. ಆ ಕೊನೆಯ ಭಾಗ ಬರುವಷ್ಟರಲ್ಲಿ ಕೆಲವರು ಚಪ್ಪಲಿ ಹುಡುಕುತ್ತಿರುತ್ತಾರೆ. ಪ್ರಾರ್ಥನೆ ಆಯಿತಲ್ಲ, ಪಾಪ ಪರಿಹಾರವಾಯಿತು ಎಂದು ಅವರ ಎಣಿಕೆ. ಪೂಜೆಯ ಆರಂಭದಲ್ಲಿ ಎಲ್ಲರೂ ಸೇರಿ ಹೇಳುವ ಪಶ್ಚಾತ್ತಾಪದ ಪ್ರಾರ್ಥನೆಯ ಬಗ್ಗೆಯೂ ಅದೇ ಎಣಿಕೆ. ಅವೆರಡೂ ಒಳ್ಳೆಯವೇ, ಆದರೆ ಪಾಪನಿವೇದನೆಯ ಸಂಸ್ಕಾರದ ಬಲ ಅವಕ್ಕಿಲ್ಲ. ನಮ್ಮ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಬಂಧುಗಳೂ ಇಲ್ಲಿ ಕೂತಿದ್ದೀರಿ. ನಿಮ್ಮ ಆರಾಧನೆಯಲ್ಲಿ ಸಾಮೂಹಿಕ ಪಾಪನಿವೇದನೆಗೆ ಇರುವ ತೂಕ ಬೇರೆ, ಆ ಚರ್ಚೆ ಇವತ್ತಿನದಲ್ಲ. ಆದರೆ ಈಗ ಹೇಳಹೊರಟಿರುವುದು ಇಬ್ಬರಿಗೂ ಒಂದೇ.

ಅದು ವಾಪಸು ಕೊಡುವ ವಿಷಯ. ಬೈಬಲಿನ ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ: ತಪ್ಪನ್ನು ಒಪ್ಪಿಕೊಳ್ಳಬೇಕು, ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಬೇಕು, ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. 1000 ರೂಪಾಯಿಗೆ 1200. ಯೇಸುಸ್ವಾಮಿಯನ್ನು ಮನೆಗೆ ಕರೆದ ಸುಂಕದ ಜಕ್ಕಾಯ ಒಂದಕ್ಕೆ ನಾಲ್ಕು ಕೊಡುತ್ತೇನೆಂದ. ಹಿಂದಿರುಗಿಸುವ ಶಕ್ತಿ ಇದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ನಟನೆ ಎಂದು ಸಂತ ಅಗಸ್ಟೀನರು ಆಗಲೇ ಖಂಡತುಂಡವಾಗಿ ಹೇಳಿದ್ದರು. ಕೊಡಬೇಕಾದವರು ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ ಕೊಡಿ. ಯಾರೆಂದೇ ಗೊತ್ತಿಲ್ಲದಿದ್ದರೆ, ಉದಾಹರಣೆಗೆ ಅಂಗಡಿಯಲ್ಲಿ ವರ್ಷಾನುಗಟ್ಟಲೆ ತೂಕದಲ್ಲಿ ಹೊಡೆದದ್ದಾದರೆ, ಬಡವರಿಗೆ ಕೊಡಿ. ಹೆಸರು ಹೇಳಿದರೆ ದೊಡ್ಡ ಅನಾಹುತವಾಗುತ್ತದೆ ಎಂದಿದ್ದರೆ ಹೆಸರು ಹೇಳದೆ ತಲುಪಿಸಬಹುದು. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕೊಡಿ, ಮೊದಲ ಕಂತು ಕ್ರಿಸ್ತಜಯಂತಿಯ ಮುಂಚೆಯೇ ಹೋಗಲಿ.

ದುಡ್ಡಿಗಿಂತ ಕಷ್ಟದ್ದು ಹೆಸರು ಕೆಡಿಸಿದ್ದು. ಇದಕ್ಕೂ ಒಂದು ಅಳತೆ ಇದೆ: ಎಷ್ಟು ಜನರ ಮುಂದೆ ಕೆಡಿಸಿದೆವೋ ಅಷ್ಟು ಜನರ ಮುಂದೆ ಸರಿಮಾಡಬೇಕು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾದಿನಿಯ ಬಗ್ಗೆ ಸುಳ್ಳು ಹಾಕಿ, ಆಮೇಲೆ ಅವಳೊಬ್ಬಳಿಗೇ ಫೋನ್ ಮಾಡಿ ಕ್ಷಮೆ ಕೇಳಿದರೆ ಕೆಲಸ ಅರ್ಧವಾಯಿತು. ಅದೇ ಗುಂಪಿನಲ್ಲಿ, ನಾನು ಹೇಳಿದ್ದು ನಿಜವಲ್ಲ ಎಂದು ಒಂದು ಸಾಲು ಬರಬೇಕು. ನೊಂದಿದ್ದರೆ ಕ್ಷಮಿಸಿ ಎಂಬ ಮಾತು ಬೇಡ. ನೊಂದಿದ್ದಾರೆಂದು ನಮಗೆ ಗೊತ್ತು. ಇಂಥದ್ದು ಮಾಡಿದೆ, ತಪ್ಪಾಯಿತು ಎನ್ನಿ, ಅಲ್ಲಿಗೆ ನಿಲ್ಲಿಸಿ. ಅವರು ತಕ್ಷಣ ಕ್ಷಮಿಸಲಿಲ್ಲವೆಂದು ಸಿಟ್ಟು ಮಾಡಿಕೊಳ್ಳುವ ಹಕ್ಕು ನಮಗಿಲ್ಲ.

ಗುರುಗಳು ಕೊಡುವ ಪ್ರಾಯಶ್ಚಿತ್ತ ಇದಕ್ಕೆಲ್ಲ ಬದಲಿಯಲ್ಲ. ಮೂರು ಪರಲೋಕ ಮಂತ್ರ, ಮೂರು ನಮೋ ಮರಿಯಾ ಎಂದರೆ ಅದನ್ನು ಅಲ್ಲೇ, ಚರ್ಚು ಬಿಡುವ ಮುಂಚೆ ಮುಗಿಸಿ. ಕೊಟ್ಟದ್ದು ನಿಮ್ಮಿಂದಾಗದ ಕೆಲಸವಾದರೆ, ಖಾಯಿಲೆಯವರಿಗೆ ಉಪವಾಸ ಹೇಳಿದ್ದರೆ, ಆಗಲೇ ಬಾಯಿಬಿಟ್ಟು ಹೇಳಿ, ಬದಲಿಸಿಕೊಡುತ್ತಾರೆ.

ಇಷ್ಟು ಹೇಳಿದ ಮೇಲೆ ನಿಮಗೆ ಅನ್ನಿಸಿರಬಹುದು, ಇದೆಲ್ಲ ನಾವೇ ಮಾಡಬೇಕಾದರೆ ದಯೆ ಎಲ್ಲಿ ಬಂತು? ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆಗೂ ಇದಕ್ಕೂ ಏನು ವ್ಯತ್ಯಾಸ?

ಮತ್ತಾಯನ ಮೂರನೆಯ ಅಧ್ಯಾಯದಲ್ಲಿ ಯೊವಾನ್ನ ಬರುವವನ ಚಿತ್ರ ಕೊಡುತ್ತಾನೆ. ಆತನ ಕೈಯಲ್ಲಿ ಮೊರ ಇದೆ, ಕಣವನ್ನು ಹಸನು ಮಾಡುತ್ತಾನೆ, ಕಾಳನ್ನು ಕಣಜಕ್ಕೆ ತುಂಬುತ್ತಾನೆ, ಹೊಟ್ಟನ್ನು ಸುಡುತ್ತಾನೆ. ಕೇಳಿದವರಿಗೆ ಮೊದಲು ಕಾಣುವುದು ಬೆಂಕಿ. ಆದರೆ ನಾವು ಕಣ ಕಂಡ ನಾಡಿನವರು. ಹಳೆ ಮೈಸೂರು ಸೀಮೆಯಲ್ಲಿ ರಾಗಿ ಕೊಯ್ಲು, ಒಕ್ಕಣೆ ಬರುವುದು ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಈಗ ಟಾರು ರಸ್ತೆಯ ಮೇಲೆ ಹರವಿ ಬಸ್ಸು ಲಾರಿಯ ಚಕ್ರದಿಂದ ಒಕ್ಕಣೆ ಮಾಡಿಸುತ್ತಾರೆ. ಹಿಂದೆ ನೆಲ ಕೆತ್ತಿ, ನೀರು ಹೊಡೆದು ಗಟ್ಟಿಮಾಡಿ, ಸಗಣಿ ಸಾರಿಸಿ ಕಣ ಮಾಡಿ, ತೆನೆ ಹರಡಿ ರೋಣಗಲ್ಲು ಹೊಡೆಯುತ್ತಿದ್ದರು. ರೋಣಗಲ್ಲು ಹೊಡೆದಾದ ಮೇಲೆ ಕಾಳೂ ಹೊಟ್ಟೂ ಒಂದೇ ರಾಶಿಯಲ್ಲಿರುತ್ತವೆ. ಕೈಯಲ್ಲಿ ಆರಿಸಲು ಕೂತರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ. ತೂರುವವನು ಏನು ಮಾಡುತ್ತಾನೆ? ಮೊರ ತುಂಬಿಕೊಂಡು, ತಲೆಗಿಂತ ಮೇಲಕ್ಕೆ ಎತ್ತಿ, ಅಂಚನ್ನು ಸ್ವಲ್ಪವೇ ಓರೆಮಾಡಿ ಅಲುಗಿಸುತ್ತಾನೆ. ಧಾರೆ ತೆಳ್ಳಗಿರಬೇಕು, ದಪ್ಪವಾದರೆ ಹೊಟ್ಟು ಕಾಳಿನ ಜೊತೆಗೇ ಇಳಿಯುತ್ತದೆ. ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಆಚೆ ಹೋಗುತ್ತದೆ. ಬೇರ್ಪಡಿಸುವುದು ಅವನ ಕೈಯಲ್ಲ, ಗಾಳಿ. ಗಾಳಿ ನಿಂತರೆ ಅವನೂ ಮೊರ ಇಳಿಸಿ ಕಾಯುತ್ತಾನೆ.

ಯೊವಾನ್ನ ಮೊರದ ಮಾತಿಗೆ ಮುಂಚಿನ ಸಾಲಿನಲ್ಲಿ ಹೇಳಿದ್ದೇನು? ಬರುವವನು ಪವಿತ್ರಾತ್ಮನಿಂದಲೂ ಅಗ್ನಿಯಿಂದಲೂ ನಿಮಗೆ ಸ್ನಾನ ಕೊಡುತ್ತಾನೆ ಎಂದು. ಅಲ್ಲಿ ಆತ್ಮ ಎಂಬುದಕ್ಕೆ ಇರುವ ಗ್ರೀಕ್ ಪದ ನ್ಯೂಮಾ, ಅದಕ್ಕೆ ಗಾಳಿ ಎಂಬ ಅರ್ಥವೂ ಇದೆ. ಹೀಬ್ರೂವಿನ ರೂಆಹ್ ಕೂಡ ಹಾಗೆಯೇ. ನಮ್ಮ ಆತ್ಮಶೋಧನೆ, ನಿವೇದನೆ, ವಾಪಸು ಕೊಟ್ಟ ದುಡ್ಡು, ಇವೆಲ್ಲ ಮೊರವನ್ನು ಮೇಲೆತ್ತಿ ತೆಳ್ಳಗೆ ಬಿಡುವ ಕೆಲಸ. ಕಾಳಿನಿಂದ ಹೊಟ್ಟನ್ನು ಬಿಡಿಸುವುದು ಆತನ ಉಸಿರು. ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದನ್ನು ಈಗೀಗ ಅವಕಾಶವಾದಿಗಳ ಮಾತಾಗಿ ಬಳಸುತ್ತಾರೆ. ಅದು ಅಸಲಿಗೆ ಕಣದ ಮಾತು. ಆಗಮನ ಕಾಲ ಗಾಳಿ ಬೀಸುವ ಕಾಲ. ಇನ್ನೊಂದು ಮಾತು, ಹೊಟ್ಟು ಯಾರು ಕಾಳು ಯಾರು ಎಂದು ಪಕ್ಕದ ಬೆಂಚಿನ ಕಡೆ ನೋಡಬೇಡಿ. ಹೊಟ್ಟಿಲ್ಲದೆ ಬೆಳೆದ ಕಾಳು ಉಂಟೇ?

ದಯೆ ಮೊದಲು ಬರುತ್ತದೆ ಎಂಬುದನ್ನು ವಾರದ ದಿನಗಳ ವಾಚನಗಳು ಬಿಡದೆ ಹೇಳುತ್ತವೆ, ಭಾನುವಾರ ಮಾತ್ರ ಚರ್ಚಿಗೆ ಬರುವವರಿಗೆ ಇದು ತಪ್ಪಿಹೋಗುತ್ತದೆ. ಎರಡನೆಯ ವಾರದ ಸೋಮವಾರ ಲಕ್ವ ಹೊಡೆದವನನ್ನು ಮಾಳಿಗೆಯ ಹೆಂಚು ತೆಗೆದು ಇಳಿಸಿದ ಕಥೆ. ಅವನು ಒಂದು ಮಾತೂ ಆಡುವ ಮೊದಲೇ ಯೇಸುಸ್ವಾಮಿ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದರು. ಮಂಗಳವಾರ 100 ಕುರಿಗಳಲ್ಲಿ ತಪ್ಪಿಸಿಕೊಂಡ ಒಂದು. ಕುರಿ ಹಟ್ಟಿಗೆ ನಡೆದುಬರಲಿ ಎಂದು ಕುರುಬ ಕಾಯುವುದಿಲ್ಲ, 99ನ್ನು ಬೆಟ್ಟದ ಮೇಲೆ ಬಿಟ್ಟು ತಾನೇ ಹೋಗುತ್ತಾನೆ. ಪಾಪವಿಮೋಚನೆಯ ಪ್ರಾರ್ಥನೆಯೂ ದೇವರನ್ನು ದಯೆಯ ತಂದೆ ಎಂದು ಕರೆದೇ ಶುರುವಾಗುತ್ತದೆ. ಜಗತ್ತನ್ನು ತನ್ನೊಡನೆ ಸಂಧಾನ ಮಾಡಿಕೊಂಡಿದ್ದಾನೆ ಎಂದು ಆಗಿಹೋದ ಸಂಗತಿಯಾಗಿ ಹೇಳುತ್ತದೆ.

ಆ ಪ್ರಾರ್ಥನೆ ಇರುವ ಈಗಿನ ಪಾಪನಿವೇದನೆಯ ವಿಧಿ ಹೊರಬಿದ್ದದ್ದು 1973ರ ಡಿಸೆಂಬರ್ 2ರಂದು. ದಯೆಯ ಬಗ್ಗೆ ಪೋಪ್ ಎರಡನೇ ಜಾನ್ ಪಾಲ್ ಬರೆದ ವಿಶ್ವಪತ್ರದ ತಾರೀಕು 1980ರ ನವೆಂಬರ್ 30. ಸಂಧಾನ, ಪ್ರಾಯಶ್ಚಿತ್ತಗಳ ಬಗ್ಗೆ ಅವರೇ ಬರೆದ ಇನ್ನೊಂದು ಪತ್ರದ್ದು 1984ರ ಡಿಸೆಂಬರ್ 2. ಮೂರೂ ಆಗಮನ ಕಾಲದ ಮೊದಲ ಭಾನುವಾರಗಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ದಯೆಯ ಜುಬಿಲಿಗಾಗಿ ಮೊದಲ ಪವಿತ್ರ ದ್ವಾರ ತೆರೆದದ್ದು ರೋಮಿನಲ್ಲಲ್ಲ, ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಮಧ್ಯ ಆಫ್ರಿಕಾ ಗಣರಾಜ್ಯದ ಬಾಂಗಿ ನಗರದಲ್ಲಿ. ಅಂದು ನವೆಂಬರ್ 29, ಅದೂ ಆಗಮನ ಕಾಲದ ಮೊದಲ ಭಾನುವಾರ.

ಡಿಸೆಂಬರ್ 17ರಿಂದ ಕಾಲದ ಗತಿ ಬದಲಾಗುತ್ತದೆ. ಅಂದು ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ. ಹೆಸರುಗಳ ಪಟ್ಟಿ ಎಂದು ನಿದ್ದೆ ಮಾಡಬೇಡಿ. ರಾಜ ದಾವೀದನ ಹೆಸರು ಬಂದಾಗ ಕಿವಿಗೊಡಿ. ಸೊಲೊಮೋನನ ತಾಯಿಯನ್ನು ಮತ್ತಾಯ ಬತ್ಷೆಬೆ ಎನ್ನುವುದಿಲ್ಲ, ಊರೀಯನ ಹೆಂಡತಿಯಾಗಿದ್ದವಳು ಎನ್ನುತ್ತಾನೆ. ದಾವೀದ ಕೊಲ್ಲಿಸಿದ ಮನುಷ್ಯನ ಹೆಸರು ಅದು. ಮೆಸ್ಸೀಯನ ವಂಶವೃಕ್ಷದಲ್ಲಿ, ಎಲ್ಲರೂ ಓದುವ ಕಡೆ, ಆ ಪಾಪ ಹಾಗೆಯೇ ಬರೆದಿದೆ, ಅಳಿಸಿಲ್ಲ. ಅದೇ ಗೆರೆಯಲ್ಲಿ ರಕ್ಷಕನೂ ಹುಟ್ಟುತ್ತಾನೆ.

ಇನ್ನು 24ರ ಬೆಳಗಿನ ಪೂಜೆ. ಹಬ್ಬದ ಅಡಿಗೆಯ ನಡುವೆ ಅದಕ್ಕೆ ಬರುವವರು ಕಡಿಮೆ. ಅಂದಿನ ಶುಭಸಂದೇಶ ಯೊವಾನ್ನನ ತಂದೆ ಜಕರೀಯನ ಹಾಡು. ಮಗ ಹುಟ್ಟುತ್ತಾನೆಂದ ದೇವದೂತನನ್ನು ನಂಬದೆ ಹೋದದ್ದಕ್ಕೆ ಮಾತು ನಿಂತುಹೋಗಿ, ಮಗ ಹುಟ್ಟಿ, ಹೆಸರಿಡುವ ದಿನ ಬಾಯಿ ತೆರೆದವನು ಆತ. ತಿಂಗಳುಗಟ್ಟಲೆ ಮೌನವಾಗಿದ್ದವನ ಹಾಡು. ಕೂಸನ್ನು ನೋಡಿ ಹೇಳುತ್ತಾನೆ, ನೀನು ಪ್ರಭುವಿನ ಮುಂದೆ ಹೋಗಿ ದಾರಿ ಸಿದ್ಧಮಾಡುವೆ, ಪಾಪಕ್ಷಮೆಯಿಂದ ಬರುವ ರಕ್ಷಣೆಯನ್ನು ಜನರಿಗೆ ತಿಳಿಸುವೆ. ಅದು ಯಾತರಿಂದ ಆಗುತ್ತದೆ ಎಂಬುದಕ್ಕೆ ಲೂಕ ಬಳಸಿದ ಗ್ರೀಕ್ ಪದ ಸ್ಪ್ಲಾಂಖ್ನ. ಅದಕ್ಕೆ ಅನುವಾದಕರು ಕನಿಕರ, ಕೋಮಲ ಕರುಣೆ, ಮಮತೆ ಎಂದೆಲ್ಲ ಒದ್ದಾಡುತ್ತಾರೆ. ಮೂಲದಲ್ಲಿ ಅದು ಹೊಟ್ಟೆಯೊಳಗಿನ ಅಂಗಗಳ ಹೆಸರು. ಯೇಸುಸ್ವಾಮಿ ಹೇಳಿದ ಕಥೆಯಲ್ಲಿ, ಮನೆಬಿಟ್ಟು ಹೋಗಿ ದೂರದಲ್ಲಿ ವಾಪಸು ಬರುತ್ತಿದ್ದ ಮಗನನ್ನು ಕಂಡ ತಂದೆಯ ಒಳಗೆ ಏನಾಯಿತೆಂದು ಹೇಳುವಾಗಲೂ ಲೂಕ ಅದೇ ಪದದಿಂದ ಹುಟ್ಟಿದ ಕ್ರಿಯಾಪದ ಇಡುತ್ತಾನೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗು ಬಿದ್ದಾಗ ತಾಯಿಗೆ ಚುರ್ ಎನ್ನುವುದು ಏನು ಎಂದು ಕೇಳಿದರೆ ನಮ್ಮಲ್ಲಿ ಓದು ಬರದವರೂ ಹೇಳುತ್ತಾರೆ, ಕರುಳು. 24ರ ಬೆಳಿಗ್ಗೆ ಓದುವುದು ಅದನ್ನೇ: ನಮ್ಮ ದೇವರ ಕರುಳಿನ ಕರುಣೆಯಿಂದ, ಕತ್ತಲಲ್ಲಿ ಕೂತಿರುವವರ ಮೇಲೆ ಮೇಲಿನಿಂದ ಬೆಳಗಾಗುತ್ತದೆ.